ಬಾತುಕೋಳಿಯ ಹದಿನೇಳನೆಯ ಪ್ರಯಾಣ

ಸ್ಟ್ಯಾಂಪಿನ ಬೆಲೆ ಒಂದೇ ವರ್ಷದಲ್ಲಿ ಮೂರನೆಯ ಸಲ ಏರಿದ ದಿನ, ನಿವೃತ್ತ ಡ್ರಾಯಿಂಗ್ ಟೀಚರು ಅಂಚೆ ಕಚೇರಿಯ ಕೌಂಟರಿನ ಮುಂದೆ ನಿಂತು, ತಾವಿನ್ನು ಪ್ರಾಮಾಣಿಕವಾಗಿರುವುದರಲ್ಲಿ ಅರ್ಥವಿಲ್ಲ ಎಂದು ತೀರ್ಮಾನಿಸಿದರು.

ಬೆಲೆಯೊಂದೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದರು. ಆದರೆ ಹಿಂದಿನ ತಿಂಗಳು ತಂಗಿಗೆ ಬರೆದ ಕಾಗದ, ಬಸ್ಸಿನಲ್ಲಿ ಎರಡು ಗಂಟೆಯ ದಾರಿಗೆ ಹನ್ನೊಂದು ದಿನ ತೆಗೆದುಕೊಂಡಿತ್ತು. ತಲುಪಿದಾಗ ಅದರ ಮೇಲೆ ಯಾರದೋ ಚಪ್ಪಲಿಯ ಗುರುತಿತ್ತು. ತಂಗಿಗೆ ಕಿವಿ ಮಂದ. ಫೋನಿನಲ್ಲಿ "ಹೇಗಿದ್ದೀಯೇ?" ಎಂದರೆ "ಮೂರೂವರೆ" ಎನ್ನುತ್ತಾಳೆ. ವಾರಕ್ಕೊಂದು ಕಾಗದವಿಲ್ಲದೆ ಅಕ್ಕತಂಗಿಯರಿಗೆ ಗತಿಯಿರಲಿಲ್ಲ.

"ಮೇಡಂ, ಬೆಲೆ ನಾನು ಏರಿಸಿಲ್ಲ," ಎಂದ ಕೌಂಟರಿನವನು, ಟೀಚರು ಬಾಯಿ ತೆರೆಯುವ ಮೊದಲೇ. ಅವರು ಹಿಂದೆ ಬರೆದುಕೊಟ್ಟಿದ್ದ ಐದು ದೂರುಗಳೂ ಅವನ ಕೈಗೇ ಬಂದಿದ್ದವು.

"ಕಾಗದ ಬೇಗ ಹೋಗೋದಾದ್ರೆ ಏರಿಸಿ, ಬೇಡ ಅನ್ನಲ್ಲ. ನಂದು ನಡ್ಕೊಂಡು ಹೋಗ್ತಿದೆಯಲ್ಲಪ್ಪಾ."

"ಅದನ್ನೂ ಬರ್ದು ಕೊಡಿ."

ಅವರು ಬರೆದುಕೊಡಲಿಲ್ಲ. ಬಾತುಕೋಳಿಯ ಚಿತ್ರವಿದ್ದ ಒಂದೇ ಒಂದು ಸ್ಟ್ಯಾಂಪು ಕೊಂಡರು. ಈ ಜನ್ಮದಲ್ಲಿ ತಾವು ಕೊಳ್ಳುವ ಕೊನೆಯ ಸ್ಟ್ಯಾಂಪು ಇದೇ ಎಂದುಕೊಂಡು ಮನೆಗೆ ನಡೆದರು.

ಯೋಜನೆ ಸರಳವಾಗಿತ್ತು. ಸ್ಟ್ಯಾಂಪಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಅಂಟು ಸವರುವುದು. ಅಂಚೆಯ ಮೊಹರು ಬೀಳುವುದು ಆ ಅಂಟಿನ ಮೇಲೆ. ತಂಗಿ ಒದ್ದೆ ಬಟ್ಟೆಯಿಂದ ಒರೆಸಿದರೆ ಮೊಹರೂ ಹೋಯಿತು, ಅಂಟೂ ಹೋಯಿತು. ಬಿಡಿಸಿ ಹೊಸ ಲಕೋಟೆಗೆ ಅಂಟಿಸಿದರೆ ಅದೇ ಬಾತುಕೋಳಿ ಅವಳ ಉತ್ತರ ಹೊತ್ತು ಹಿಂದಿರುಗುತ್ತದೆ. ಮೂವತ್ತೆರಡು ವರ್ಷ ಜಲವರ್ಣ ಕಲಿಸಿದವರಿಗೆ ಯಾವುದು ಕರಗುತ್ತದೆ, ಯಾವುದು ಕದಡುತ್ತದೆ ಎಂದು ಇಲಾಖೆಯವರು ಹೇಳಿಕೊಡಬೇಕಾಗಿರಲಿಲ್ಲ. ಒಂದೇ ಅಂಚೆ ಡಬ್ಬಿಗೆ ಸತತ ಎರಡು ವಾರ ಕಾಗದ ಹಾಕಬಾರದು ಎಂಬ ನಿಯಮವನ್ನೂ ಮಾಡಿಕೊಂಡರು.

"ಅಕ್ಕಾ, ಇದು ಕಳ್ಳತನ ಅಲ್ವೇನೆ?" ಎಂದು ತಂಗಿ ಮರು ಕಾಗದದಲ್ಲಿ ಕೇಳಿದಳು. ಆ ಪ್ರಶ್ನೆಯನ್ನು ಹೊತ್ತು ತಂದದ್ದು ಒರೆಸಿದ ಬಾತುಕೋಳಿಯೇ. ಟೀಚರು ಅದನ್ನೇ ಒಪ್ಪಿಗೆ ಎಂದು ತಿಳಿದುಕೊಂಡರು.

ಹತ್ತನೆಯ ಪ್ರಯಾಣದ ಹೊತ್ತಿಗೆ ಕೊಕ್ಕು ಮಸುಕಾಯಿತು. ಟೀಚರು ಭೂತಗನ್ನಡಿ ಹಿಡಿದು, ಅತಿ ಸಣ್ಣ ಕುಂಚದಿಂದ ಅದಕ್ಕೆ ಬಣ್ಣ ತುಂಬಿದರು. ಕೈ ತಡೆಯಲಿಲ್ಲ. ಕಣ್ಣಿಗೊಂದು ಹೊಳಪು ಕೊಟ್ಟರು. ಮೂಲ ಚಿತ್ರಕಾರ ರೆಕ್ಕೆಯನ್ನು ಕಾಟಾಚಾರಕ್ಕೆ ಬರೆದಿದ್ದ, ಅದನ್ನೂ ತಿದ್ದಿದರು.

"ಮೊನ್ನೆಯಿಂದ ಅದು ನನ್ನನ್ನೇ ನೋಡ್ತಿರೋ ಹಾಗಿದೆ ಅಕ್ಕಾ," ಎಂದು ತಂಗಿ ಬರೆದಳು.

ಹದಿನಾರನೆಯ ಪ್ರಯಾಣ ಮುಗಿಸಿ ಬಾತುಕೋಳಿ ಮತ್ತೆ ಮೇಜಿಗೆ ಬಂದಾಗ, ಯಾರಿಗೂ ಹೇಳಲಾಗದ ಗೆಲುವು ಸಪ್ಪೆ ಅನ್ನಿಸತೊಡಗಿತ್ತು. ಅಂಚೆಯವರ ಮೇಲಿನ ದೂರನ್ನು ಅಂಚೆಯವರೇ ಬಿಟ್ಟಿ ಹೊತ್ತರೆ ಹೇಗೆ? ಈ ಆಲೋಚನೆ ಬಂದದ್ದೇ ಟೀಚರು ಒಬ್ಬರೇ ಕೂತು ನಕ್ಕರು. ಬೆಲೆ ಏರಿಕೆಯ ಮೇಲೆ ಎರಡು ಪುಟ, ಹನ್ನೊಂದು ದಿನದ ಮೇಲೆ ಒಂದು, ಚಪ್ಪಲಿ ಗುರುತಿನ ಮೇಲೆ ಚಿತ್ರಸಹಿತ ಇನ್ನೊಂದು ಪುಟ ಬರೆದು, ಮುಖ್ಯ ಕಚೇರಿಯ ದೂರು ವಿಭಾಗಕ್ಕೆ ವಿಳಾಸ ಹಾಕಿ, ಅದೇ ಬಾತುಕೋಳಿಯನ್ನು ಅಂಟಿಸಿದರು. ಅಪಾಯವನ್ನೂ ಶಾಂತವಾಗಿ ತೂಗಿ ನೋಡಿದರು. ಸಾವಿರಾರು ಕಾಗದಗಳ ರಾಶಿಯಲ್ಲಿ ಒಂದು ಸ್ಟ್ಯಾಂಪನ್ನು ನೋಡುವವರು ಯಾರು? ಉತ್ತರ ಬರಲೇಬೇಕಾದ್ದರಿಂದ ಲಕೋಟೆಯ ಹಿಂದೆ ತಮ್ಮ ಹೆಸರು, ವಿಳಾಸವನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದರು.

ಆ ಕಾಗದ ಮಾತ್ರ ಒಂದೇ ದಿನದಲ್ಲಿ ತಲುಪಿತು. ಮೂರನೆಯ ದಿನ ಬೆಳಗ್ಗೆ ಅಂಚೆ ಇಲಾಖೆಯ ತನಿಖಾಧಿಕಾರಿ ಬಾಗಿಲು ತಟ್ಟಿ, ತೋರಿಸಿದ ಕುರ್ಚಿಯಲ್ಲಿ ಕುಳಿತು, ಆ ಲಕೋಟೆಯನ್ನು ಮೇಜಿನ ಮೇಲಿಟ್ಟರು. ಬಾತುಕೋಳಿಗೆ ಕೊಕ್ಕಿರಲಿಲ್ಲ.

"ನಮ್ಮ ಗುಮಾಸ್ತರ ಹೆಬ್ಬೆರಳಿಗೆ ಅಂಟ್ಕೊಂಡು ಬಂತು," ಎಂದರು ಅಧಿಕಾರಿ. "ನಿಮ್ಮ ಜೊತೆ ಇನ್ಯಾರಿದ್ದಾರೆ?"

"ಯಾರೂ ಇಲ್ಲ. ನಾನೊಬ್ಬಳೇ," ಎಂದರು ಟೀಚರು ತಟ್ಟನೆ. ಆದರೂ ಕೇಳದಿರಲು ಆಗಲಿಲ್ಲ. "ಹೇಗೆ ಗೊತ್ತಾಯ್ತು? ಕೊಕ್ಕಿಗೆ ಬಣ್ಣ ಜಾಸ್ತಿಯಾಗಿತ್ತಾ?"

"ಬಣ್ಣ ಚೆನ್ನಾಗೇ ಇತ್ತು ಟೀಚರ್," ಎಂದರು ಅಧಿಕಾರಿ, ದಂಡದ ಪುಸ್ತಕ ಬಿಡಿಸುತ್ತಾ. "ಆದ್ರೆ ಅಂಚೆ ಇಲಾಖೆಗೆ ಬರೆಯೋ ದೂರಿಗೆ ಸ್ಟ್ಯಾಂಪೇ ಬೇಕಾಗಿಲ್ಲ, ಹಾಗೇ ಡಬ್ಬಿಗೆ ಹಾಕಿದ್ರೆ ಸಾಕು. ನಾನು ದೂರು ವಿಭಾಗಕ್ಕೆ ಬಂದು ಒಂಬತ್ತು ವರ್ಷವಾಯ್ತು, ಸ್ಟ್ಯಾಂಪ್ ಹಚ್ಕೊಂಡು ಬಂದ ಮೊದಲನೇ ದೂರು ನಿಮ್ಮದೇ. ಯಾರಪ್ಪಾ ಇಷ್ಟು ಒಳ್ಳೆಯವರು ಅಂತ ಆಫೀಸಿನವರೆಲ್ಲ ಒಬ್ಬೊಬ್ಬರಾಗಿ ಕೈಯಲ್ಲಿ ಹಿಡ್ಕೊಂಡು ನೋಡಿದ್ವಿ."