ವೇರ್ಲಾಳ ಚಿತ್ರಗಳು ಕಾಣೆಯಾದದ್ದು

ಮಯೂರಿ ಕಿರುಚಿದ ಸದ್ದಿಗೆ ನಿಪ್ಪಾಣಿಯ ಆ ಚಾಳೇನು, ಕೊಲ್ಹಾಪುರದ ನಾಯಿಗಳೂ ಎದ್ದು ಕುಳಿತಿರಬೇಕು. ಶೇವಂತಾ ಸೌಟು ಹಿಡಿದೇ ಅವಳ ಕೋಣೆಗೆ ಓಡಿದಳು. ಹಿಂದಿನಿಂದ, ಒಂದಿಷ್ಟೂ ಅವಸರವಿಲ್ಲದೆ, ಅಕ್ಕುತಾಯಿ ಬಂದರು. ಚಾಳಿನಲ್ಲಿ ಕಳೆದದ್ದನ್ನು ಹುಡುಕಿಕೊಡುವವರು ಅವರೇ. ಹದಿನೆಂಟು ವರ್ಷದಿಂದ ಅವರ ಜೊತೆಗಿದ್ದ ಶೇವಂತಾಳ ಲೆಕ್ಕದಲ್ಲಿ ಅಕ್ಕುತಾಯಿಯ ಮುಂದೆ ಪೊಲೀಸರಿಗೆ ಇನ್ನೂ ಹಾಲುಹಲ್ಲು.

ಮಯೂರಿ ದವಾಖಾನೆಯಲ್ಲಿ ರಕ್ತ ಪರೀಕ್ಷೆ ಮಾಡುವವಳು. ಅವಳಿಗಿದ್ದ ಗೆಳೆಯ ಪಕ್ಕದೂರು ಸದಲಗಾದ ವಿಶ್ವಾಸ ಒಬ್ಬನೇ. ಇಬ್ಬರೂ ಇಂಟರ್‌ನೆಟ್ಟಿನಲ್ಲಿ ವಾರಕ್ಕೊಮ್ಮೆ ಬರುವ ಒಂದು ಇಂಗ್ಲಿಷ್ ಕಾಮಿಕ್ಸ್ ಕತೆಗೆ ಮರುಳಾಗಿದ್ದರು. ಅದರ ಮಾಯಗಾತಿ ವೇರ್ಲಾಳ ಮಾಟ ನಡೆಯುವುದು ಮಂತ್ರದಿಂದ ಎಂದು ಮಯೂರಿ, ಉಂಗುರದಿಂದ ಎಂದು ವಿಶ್ವಾಸ. ಎರಡು ವರ್ಷದ ಈ ಜಗಳವೆಲ್ಲ, ಇಬ್ಬರೂ ಸರದಿಯ ಮೇಲೆ ಒಯ್ದು ಬರೆಯುವ ಒಂದು ನೋಟಬುಕ್ಕಿನಲ್ಲಿತ್ತು. ಸೈಬರ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದ ಚಿತ್ರಗಳು ಮಯೂರಿಯ ಮಂಚದ ಮೇಲಿರುತ್ತಿದ್ದವು. ಈಗ ಚಿತ್ರಗಳಿರಲಿಲ್ಲ.

"ಮಧ್ಯಾಹ್ನ ಇವನ ಬಂದಿದ್ದ," ಎಂದಳು ಮಯೂರಿ, ಆಗಷ್ಟೇ ಮತ್ತೆ ಬಂದು ಬಾಗಿಲಲ್ಲಿ ನಿಂತಿದ್ದ ವಿಶ್ವಾಸನತ್ತ ಬೆರಳು ಮಾಡಿ. "ಕೀಲಿಕೈ ಎಲ್ಲಿರ್ತೈತಿ ಅಂತ ಇವಗ ಗೊತ್ತು. ಕಳ್ಳ."

"ನೋಟಬುಕ್ ಇಟ್ಟು ಹೋಗಾಕ ಬಂದಿದ್ದೆ," ಎಂದ ವಿಶ್ವಾಸ. ಅವನ ಮುಖ ಸುಣ್ಣದಂತಾಗಿತ್ತು. "ಕಳ್ಳ ಅಂದ್ಯಲ್ಲ, ಸಾಕು. ಇನ್ನ ಬರೂದಿಲ್ಲ."

"ಹೋಗೂದಿದ್ರ ಚಹಾ ಕುಡದು ಹೋಗಪಾ, ಸದಲಗಾ ಏನ್ ಓಡಿ ಹೋಗೂದಿಲ್ಲ," ಎಂದು ಅಕ್ಕುತಾಯಿ ಕೋಣೆಯೊಳಗೆ ಹೋದರು. ಮಂಚದ ಮೇಲೆ ನೋಟಬುಕ್ ಇತ್ತು. ಪಕ್ಕದಲ್ಲಿ ಬರೀ ಅಕ್ಷರ ತುಂಬಿದ ಆರು ಹಾಳೆ, ಅಂಚಿಗೆ ಅಂಚು ಕೂಡಿಸಿ ಜೋಡಿಸಿದ್ದವು. "ಇವು ಏನ್ ಬೇ?"

"ಬ್ಯಾರೆ ಓದುಗರ ವಾದ. ಚಿತ್ರದ ಜೊತಿನ ಇದ್ವು," ಎಂದಳು ಮಯೂರಿ.

ಅಕ್ಕುತಾಯಿ ಎಲ್ಲರನ್ನೂ ಅಂಗಳಕ್ಕೆ ಕರೆದರು. ಕೊನೆಯ ಕೋಣೆಯಿಂದ ಬೀಡಿ ಕಟ್ಟುವ ಸುಂದರಾಳೂ ಬಂದಳು. ವಾರಕ್ಕೆ ಎರಡು ಮಾತಾಡಿದರೆ ಅವಳ ಪಾಲಿಗೆ ಅದೇ ಭಾಷಣ.

"ಕೀಲಿಕೈ ಎಲ್ಲಿರ್ತೈತಿ ಅಂತ ಚಾಳಿಗೆಲ್ಲ ಗೊತ್ತು. ವಿಶ್ವಾಸ ಕದ್ದಿದ್ರ ನೋಟಬುಕ್ ಯಾಕ ಬಿಡ್ತಿದ್ದ?" ಎಂದರು ಅಕ್ಕುತಾಯಿ. "ಮಯೂರಿ ತಲಿ ಪೂರಾ ಅದರಾಗೈತಿ. ಚಿತ್ರ ಅವನ ಮೊಬೈಲಿನ್ಯಾಗೂ ಅದಾವ. ಅಂದ್ರ ಕಾಗದಾನ ಬೇಕಾಗಿತ್ತು, ಮೊಬೈಲ್ ಇಲ್ಲದವರಿಗೆ. ಇನ್ನೊಂದು, ಬರೀ ಅಕ್ಷರದ್ದು ಒಂದೂ ಒಯ್ದಿಲ್ಲ. ಒಂದೊಂದ ಹಾಳಿ ನೋಡಿ ಬ್ಯಾರೆ ಮಾಡ್ಯಾರ. ಓದಾಕ ಬರದವರು, ಅವಸರ ಇಲ್ಲದವರು, ಹಗಲೆಲ್ಲ ಮನ್ಯಾಗಿರೋವರು. ನನಗೂ ಶೇವಂತಾಗೂ ಅಕ್ಷರ ಬರೂದಿಲ್ಲ, ಖರೆ. ಆದ್ರ ಇವತ್ತ ನಾವು ಮಂಗಸೂಳಿ ಮಲ್ಲಯ್ಯನ ಗುಡಿಗೆ ಹೋಗಿದ್ವಿ. ಉಳದಾಕಿ ಯಾರು?"

ಸುಂದರಾ ಒಳಗೆ ಹೋಗಿ ಬೀಡಿಯ ಮೊರದಡಿಯಿಂದ ಹಾಳೆಗಳನ್ನು ತಂದಳು.

"ಸಂಜಿಕ ತಿರುಗಿ ಇಡಾಕಿದ್ದೆ," ಎಂದಳು. "ಹಿಂದಕ ಒಮ್ಮೆ ನೀನ ತೋರಿಸಿದ್ದಿ, ಮಯೂರಿ. ಮತ್ತ ಕರೀಲಿಲ್ಲ."

ವಿಶ್ವಾಸ ಆಗಲೇ ಗಾಡಿಯ ಹತ್ತಿರ ಹೋಗಿದ್ದ.

"ನೋಡಿ ಏನ್ ತಿಳೀತು ನಿನಗ?" ಶೇವಂತಾ ಕೇಳಿದಳು.

ಸುಂದರಾ ಮೇಲಿನ ಹಾಳೆಯ ವೇರ್ಲಾಳ ಮೇಲೆ ಬೆರಳಿಟ್ಟಳು. "ಮೊದಲ ಈಕಿ ಬಾಗಲದಾಗ ಏಳು ಮಂದಿ ನಿಂತಾರ. ಈಕಿ ಮಾಟಾ ಮಾಡಿದಾಗೊಮ್ಮೆ ಒಬ್ಬರು ಕಮ್ಮಿ. ಮಂತ್ರಾನೂ ಅಲ್ಲ, ಉಂಗುರಾನೂ ಅಲ್ಲ. ಮಂದೀನ ಖರ್ಚಾಗಾಕತ್ತಾರ. ಈಗ ಬಾಗಲ ಖಾಲಿ ಐತಿ. ಈಕಿಗೆ ಇನ್ನೂ ಗೊತ್ತಾಗಿಲ್ಲ."

ವಿಶ್ವಾಸ ಗಾಡಿ ಬಿಟ್ಟು ಬಂದ. ಹಾಳೆ ಇಸಿದುಕೊಂಡು ಬೆರಳಿಟ್ಟು ಎಣಿಸಿದ. ಏಳು. ಆರು. ಐದು. ಎರಡು ವರ್ಷ ಇಂಟರ್‌ನೆಟ್ಟಿನಲ್ಲಿ ಲಕ್ಷ ಜನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದರು, ಒಬ್ಬರಿಗೂ ಕಂಡಿರಲಿಲ್ಲ.

"ವಿಶ್ವಾಸ, ತಪ್ಪಾತು," ಎಂದಳು ಮಯೂರಿ.

ಅವನು ಅವಳ ಕಡೆ ತಿರುಗಲಿಲ್ಲ. "ಸುಂದರಾಬಾಯಿ, ಮೊದಲನೇದರಿಂದ ತೋರಸ್ರಿ."

ಸುಂದರಾ ತನ್ನ ಚಾಪೆಯ ಮೇಲಿನ ಎಲೆ, ದಾರ ಎಲ್ಲ ಬಳಿದು ಜಾಗ ಮಾಡಿದಳು. ಅವಳ ಒಂದು ಪಕ್ಕಕ್ಕೆ ಮಯೂರಿ ಕುಳಿತಳು, ಇನ್ನೊಂದು ಪಕ್ಕಕ್ಕೆ ವಿಶ್ವಾಸ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಎದ್ದೂ ಹೋಗಲಿಲ್ಲ.