ಅರ್ಧ ಸುತ್ತು

ಆವತ್ತು ಬೆಳಗ್ಗೆ ರಾಜಾಜಿನಗರದ ಮೇಲೆ ಮೋಡ ಮುಖ ಗಂಟಿಕ್ಕಿಕೊಂಡು ಕೂತಿತ್ತು. ಸುರಿಯದು, ಬಿಡದು, ಜಿಟಿಜಿಟಿ ಸೋನೆ. ಇಂಥ ದಿನ ಅಡುಗೆಮನೆಯ ಉಪ್ಪೂ ಬೆವರುತ್ತದೆ.

ಜಗದಾಂಬಾಳ ಕೆಲಸವೂ ಉಪ್ಪಿನದೇ. ಲೇಸರ್ ಬೆಳಕು ಹಾಯುವ ಕಿಟಕಿಗೆಂದು ಅವಳ ಪ್ರಯೋಗಶಾಲೆಯಲ್ಲಿ ಉಪ್ಪಿನ ಹರಳನ್ನು ಗಾಜಿನಂತೆ ತಿಳಿಯಾಗಿ ಉಜ್ಜುತ್ತಿದ್ದರು. ಆ ಬಿಲ್ಲೆಯನ್ನು, ಒಂದಕ್ಕೊಂದು ಅಡ್ಡವಾಗಿ ನಿಂತು ಬೆಳಕು ತಡೆಯುವ ಎರಡು ಪೋಲರಾಯ್ಡ್ ಹಾಳೆಗಳ ನಡುವೆ ಇಟ್ಟು ನೋಡುವುದು ಅವಳ ಪಾಲು. ಹರಳು ನೆಮ್ಮದಿಯಾಗಿದ್ದರೆ ಪೂರಾ ಕತ್ತಲೆ. ಎಲ್ಲಿ ಒತ್ತಡವೋ ಅಲ್ಲಿ ಬೆಳಕು.

ಹೋದ ವಾರ ಅವಳು ನೋಡಿ ಸರಿಯೆಂದ ಕಿಟಕಿ, ಲೇಸರ್ ಹಾಯಿಸಿದೊಡನೆ ಸೀಳಿತು. "ಕಣ್ಣಿಟ್ಟು ನೋಡಿದ್ರೇನಮ್ಮಾ?" ಎಂದಿದ್ದರು ಆಫೀಸರ್ ವೆಂಕಟಗಿರಿ. ಇವತ್ತು ಕಾರಣ ಸಿಗದಿದ್ದರೆ ಅವಳ ಕೆಲಸ ಹೋಗುತ್ತದೆ.

ಶಿವನನ್ನು ನೆನೆದು, ಸೀಳಿದ್ದರ ಜೊತೆಗೇ ಜೋಡಿಸಿದ್ದ ಇನ್ನೊಂದು ಕಿಟಕಿಯನ್ನು, ಅದನ್ನು ಹಿಡಿದಿಡುವ ಹಿತ್ತಾಳೆಯ ಬಳೆ ಸಮೇತ ಹಾಳೆಗಳ ನಡುವೆ ಇಟ್ಟಳು. ಒಂದು ಸ್ಕ್ರೂ ಪಕ್ಕದಲ್ಲಿ ಬೆಳಕು ದೀಪದಂತೆ ಹೊತ್ತಿಕೊಂಡಿತು. ಸ್ಕ್ರೂ ಅರ್ಧ ಸುತ್ತು ಸಡಿಲಿಸಿದಳು. ಕತ್ತಲಾಯಿತು.

ಅವಳು ನೋಡಿ ಕೊಟ್ಟ ಬಿಲ್ಲೆಗೆ ಬಳೆ ತೊಡಿಸಿ ಸ್ಕ್ರೂ ಬಿಗಿಯುವವನು ಗೋಪೀನಾಥ.

"ದಿನಾ ಕತ್ತಲೆ ನೋಡ್ತೀರಿ, ಪಕ್ಕದಲ್ಲಿರೋರು ಕಾಣಿಸೋದೇ ಇಲ್ಲ ನಿಮಗೆ," ಎಂದು ಚುಡಾಯಿಸುವವನು. "ಬಣ್ಣದ ಮಾತಿನೋರು ಪೋಲರಾಯ್ಡ್ ಇಲ್ದೇನೂ ಕಾಣ್ತಾರೆ ಬಿಡಿ," ಎಂದು ಅವಳು ನಗು ನುಂಗುತ್ತಿದ್ದಳು.

ಈಗ ಅವನು ಬಾಗಿಲಲ್ಲಿ ನಿಂತಿದ್ದ. ನಗು ಇರಲಿಲ್ಲ.

"ಸ್ಕ್ರೂನ ಬೆರಳಲ್ಲಿ ತಿರುಗೋಷ್ಟೇ ಬಿಗಿ ಮಾಡ್ಬೇಕಲ್ವೇನ್ರೀ?" ಎಂದಳು ಅವಳು.

"ಆವತ್ತೂ ಹಿಂಗೇ ಮೋಡ. ತೇವ ನುಗ್ಗಿ ನಿಮ್ಮ ಕಿಟಕಿ ಮಸುಕಾದ್ರೆ ನಿಮ್ಮ ಮುಖ ನೋಡೋಕಾಗಲ್ಲ ಅನ್ನಿಸ್ತು. ಇನ್ನರ್ಧ ಸುತ್ತು ತಿರುಗಿಸ್ಬಿಟ್ಟೆ."

"ಗೊತ್ತಿದ್ದೂ ಇಷ್ಟು ದಿನ ಸುಮ್ನಿದ್ರಾ?"

"ಹೇಳಿದ್ರೆ ಮನೆಗೆ ಕಳಿಸ್ತಾರೆ. ಆಮೇಲೆ ನಿಮ್ಮನ್ನ ಎಲ್ಲಿ ನೋಡ್ಲಿ?"

ಇಷ್ಟು ವರ್ಷ ಕಾದ ಮಾತು ಬರುವ ಹೊತ್ತು ಇದೇ ಆಗಬೇಕಿತ್ತೆ? ಜಗದಾಂಬಾಳಿಗೆ ಅಳುವುದೋ ಬೈಯುವುದೋ ತಿಳಿಯಲಿಲ್ಲ.

"ನಾನು ನಿಮ್ಮ ಹೆಸರು ಹೇಳೋಲ್ಲ," ಎಂದಳು ಕೊನೆಗೆ. "ನನ್ನ ಬಾಯಲ್ಲಿ ಅದು ಬರೋಲ್ಲ."

ಗೋಪೀನಾಥ ಅವಳನ್ನೇ ನೋಡಿದ, ಕಣ್ತುಂಬ, ದಾರಿಬುತ್ತಿ ಕಟ್ಟಿಕೊಳ್ಳುವವನಂತೆ. ಆಮೇಲೆ ಆಫೀಸರ ಕೋಣೆಗೆ ಹೋದ. ತೆಳು ಹಲಗೆಯ ಗೋಡೆ. ತಗ್ಗಿದ ದನಿಯೂ ಈಚೆಗೆ ಕೇಳುತ್ತದೆ.

"ಸಾರ್, ಜಗದಾಂಬಾ ಅವರು ನೋಡಿದ್ದು ಸರಿಯಾಗೇ ಇತ್ತು. ತಪ್ಪಿದ್ದು ನನ್ನ ಕೈ."