ಪೆನ್ಸಿಲ್ ಮುಟ್ಟದ ಮುಖ

ಆ ಸಂಜೆ ಕಾರವಾರದ ಕಡಲ ದಂಡೆಯಲ್ಲಿ ಹೊನ್ನು ಕ್ಯಾಮೆರಾದ ಕರಿಬಟ್ಟೆಯೊಳಗೆ ತಲೆ ಹಾಕಿ ನಿಂತಿದ್ದಳು. ಕ್ಯಾಮೆರಾದ ಗಾಜಿನ ಮೇಲೆ ಬೆಂಕಿ ಬೀಸುವವನ ಬಿಂಬ ತಲೆಕೆಳಗಾಗಿ ಕುಣಿಯುತ್ತಿತ್ತು. ಇನ್ನೊಂದು ಹೆಜ್ಜೆ ಮುಂದೆ ಹೋದರೆ... ಅಂದುಕೊಳ್ಳುವಷ್ಟರಲ್ಲಿ ಯಾರೋ ಬಟ್ಟೆಯನ್ನೇ ಕಿತ್ತೆಳೆದರು.

ಬೆಂಕಿ ಬೀಸುತ್ತಿದ್ದವನೇ! ಕಿಡಿ ಹತ್ತಿದ ಬಟ್ಟೆಯನ್ನು ಮರಳಿಗೆ ಹಾಕಿ ತುಳಿಯುತ್ತಿದ್ದ.

“ತಲೆ ಮೇಲೆ ಹೊಗೆ ಏಳೂದು ಗೊತ್ತಾಗ್ಲಿಲ್ವಾ? ಎಂತಾ ನೋಡ್ತಿದ್ರಿ?”

“ನಿಮ್ಮನ್ನೇ,” ಎಂದುಬಿಟ್ಟಳು. ಆಮೇಲೆ ನಾಲಿಗೆ ಕಚ್ಚಿಕೊಂಡಳು.

ಅವನು ನಕ್ಕ. ನಕ್ಕಾಗ ಎಡಗೆನ್ನೆಯ ಸುಟ್ಟ ಕಲೆಯೂ ಮಡಿಚಿಕೊಂಡು ನಕ್ಕಿತು.

ಅವನು ಅಂಕೋಲೆಯ ಸುಕ್ರ. ಕೋಲಿನ ಎರಡೂ ತುದಿಗೆ ಎಣ್ಣೆಬಟ್ಟೆ ಸುತ್ತಿ, ಹೊತ್ತಿಸಿ, ಗಾಳಿಯಲ್ಲಿ ಬೀಸುವುದು ಅವನ ವಿದ್ಯೆ. ಹೊನ್ನುವಿನ ಅಪ್ಪ ಪೇಟೆಯಲ್ಲಿ ಫೋಟೋ ಅಂಗಡಿ ಇಟ್ಟಿದ್ದ. ಅವನ ಕಣ್ಣು ಮಂಜಾದ ಮೇಲೆ ಅಂಗಡಿಯ ಕೆಲಸವೆಲ್ಲ ಮಗಳದ್ದೇ.

“ನಿಮ್ಮದೊಂದು ಪುಸ್ತಕ ಮಾಡ್ತೆ. ಬರೀ ಫೋಟೋದ್ದು,” ಎಂದಳು ಹೊನ್ನು.

ಅವನು ಫೋಟೋ ತೆಗೆಸಿಕೊಳ್ಳಲು ಶನಿವಾರ ಶನಿವಾರ ಬಂದ. ಬಟ್ಟೆ ಸುತ್ತುವ ಕೈ, ಎಣ್ಣೆ ಹೀರುವ ಕೋಲು, ಬೆಂಕಿಯ ಚಕ್ರ... ಕಪ್ಪು ಹಾಳೆಗಳ ಮೇಲೆ ಅವಳು ಒಂದೊಂದನ್ನೂ ಇಟ್ಟು ನೋಡಿ, ತೆಗೆದು, ಮತ್ತೆ ಇಟ್ಟಳು. ಅವನ ಮುಖ ಕೊನೆಗೆ ಬರಬೇಕು. ಬೆಂಕಿಯನ್ನೆಲ್ಲ ನೋಡಿ ದಣಿದ ಕಣ್ಣಿಗೆ ಅಲ್ಲಿ ತಂಪಾಗಬೇಕು.

ಅವಳಿಗೇ ಗೊತ್ತಿಲ್ಲದೆ ಅವಳು ಶನಿವಾರಕ್ಕಾಗಿ ಬದುಕತೊಡಗಿದ್ದಳು.

ಪುಸ್ತಕ ಮುಗಿದ ದಿನ ಸುಕ್ರ ಒಂದೊಂದೇ ಪುಟ ತಿರುವಿದ. ಮುಖದ ಪುಟದಲ್ಲಿ ಕೈ ನಿಂತಿತು.

“ಇದು ಯಾರು ಹೊನ್ನುಬಾಯಿ?”

“ನೀವೇ ಅಲ್ಲಾ?”

“ನನ್ ಕಲೆ ಎಲ್ಲಿ?”

ಫೋಟೋ ಅಚ್ಚು ಹಾಕುವ ಮೊದಲು ನೆಗೆಟಿವ್ ಗಾಜಿನ ಮೇಲೆ ಪೆನ್ಸಿಲ್ ಆಡಿಸಿ ಕಲೆ ಅಳಿಸುವುದು ಅಂಗಡಿಯ ರೂಢಿ. ಗಂಡಿನ ಕಡೆಯವರಿಗೆ ತೋರಿಸುವ ಫೋಟೋಗಳಲ್ಲಿ ಎಷ್ಟು ಹುಡುಗಿಯರ ಸಿಡುಬಿನ ಕಲೆಗಳನ್ನು ಅವಳು ಅಳಿಸಿಲ್ಲ! ಕೈ ತನ್ನಷ್ಟಕ್ಕೇ ಆ ಕೆಲಸ ಮಾಡಿತ್ತು.

“ಚೆಂದ ಕಾಣ್ಲಿ ಅಂತ...”

“ಅಪ್ಪ ಬೆಂಕಿ ಬೀಸೂದು ಕಲಿಸಿದ ಮೊದಲ ದಿನ ಸುಟ್ಟದ್ದು ಇದು. ಉರಿ ಆರ್ಲಿ ಅಂತ ಮೂರು ದಿನ ಬಾಯಿಂದ ಊದ್ತಾ ಕೂತಿದ್ದ. ಈಗ ಅಪ್ಪ ಇಲ್ಲ. ಅವ್ನ ಗುರ್ತು ಅಂತ ಇರೂದು ಇದೊಂದೇ.” ಅವನು ಪುಸ್ತಕ ಮುಚ್ಚಿದ. “ನಿಮ್ಗೆ ಈ ಮುಖ ಆಗೂದಿಲ್ಲ ಅಂದ್ರೆ ಹೇಳ್ಬೇಕಾಗಿತ್ತು.”

ಮುಂದಿನ ಶನಿವಾರ ಅವನು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ.

ಹೊನ್ನು ತನ್ನ ಬೆರಳು ನೋಡಿಕೊಂಡಳು. ಫೋಟೋ ತೊಳೆಯುವ ಔಷಧಿ ತಾಗಿ ತಾಗಿ ಅವು ಕಪ್ಪಾಗಿದ್ದವು. ಗಂಡಿನ ಕಡೆಯವರಿಗೆ ಕಳಿಸಿದ ತನ್ನ ಫೋಟೋದಲ್ಲಿ ಆ ಬೆರಳುಗಳನ್ನೂ ಪೆನ್ಸಿಲಿನಿಂದ ಬೆಳ್ಳಗೆ ಮಾಡಿದ್ದಳು. ಫೋಟೋ ಮೆಚ್ಚಿ ಹೆಣ್ಣು ನೋಡಲು ಬಂದವರು ಬೆರಳು ನೋಡಿ ಚಹಾ ಕೂಡ ಕುಡಿಯದೆ ಎದ್ದು ಹೋಗಿದ್ದರು. ಅಂದಿನಿಂದ ಅವಳು ಕೈಯನ್ನು ಸೆರಗಿನಲ್ಲೇ ಇಟ್ಟುಕೊಳ್ಳುತ್ತಿದ್ದಳು.

ಆ ನೋವು ಗೊತ್ತಿದ್ದೂ ನಾನೇ ಅವನಿಗೆ ಹೀಗೆ ಮಾಡಿದೆನಲ್ಲ... ಅವಳಿಗೆ ಅಳು ಬಂತು.

ಹತ್ತಿಗೆ ಟರ್ಪೆಂಟೈನ್ ಹಚ್ಚಿ ನೆಗೆಟಿವ್ ಗಾಜಿನ ಮೇಲಿನ ಪೆನ್ಸಿಲನ್ನೆಲ್ಲ ಒರೆಸಿ ಅವನ ಮುಖದ ಫೋಟೋ ಹೊಸದಾಗಿ ಅಚ್ಚು ಹಾಕಿದಳು. ಆಮೇಲೆ ಕ್ಯಾಮೆರಾದ ಮುಂದೆ ತನ್ನ ಕೈ ಚಾಚಿ ಅಪ್ಪನನ್ನು ಕರೆದಳು.

“ನಾನು ಹೇಳಿದಾಗ ಕ್ಯಾಮೆರಾದ ಮುಚ್ಚಳ ತೆಗ್ದು, ಐದು ಎಣಿಸಿ ಮುಚ್ಚು ಅಪ್ಪ.”

ಮರುದಿನ ಅಪ್ಪನಿಗೆ ಹೇಳಿ ಅವಳು ಅಂಕೋಲೆಗೆ ಹೋಗುವ ಮೋಟಾರು ಬಸ್ಸು ಹತ್ತಿದಳು. ದಾರಿಯ ಬಿಣಗಾ ಊರು ದಾಟುವವರೆಗೂ ಇಳಿದು ಹಿಂದಿರುಗಲೇ ಎಂದು ಹತ್ತು ಸಲ ಯೋಚಿಸಿದಳು. ಪುಸ್ತಕ ಮಡಿಲಲ್ಲಿ ಭಾರವಾಗಿತ್ತು.

ಸುಕ್ರ ಅಂಗಳದಲ್ಲಿ ಕೋಲಿಗೆ ಬಟ್ಟೆ ಸುತ್ತುತ್ತಿದ್ದ. ಕೋಲು ಬದಿಗಿಟ್ಟು ಪುಸ್ತಕ ತೆಗೆದುಕೊಂಡ. ಅವನ ಮುಖದ ಪುಟದಲ್ಲಿ ಕಲೆ ಇತ್ತು, ಅಂಚಿನ ಸುಕ್ಕಿನ ಸಮೇತ. ಅವನು ಅದರ ಮೇಲೆ ಬೆರಳಾಡಿಸಿದ. ಅದರ ಎದುರು ಪುಟದಲ್ಲಿ ಒಂದು ಹೆಣ್ಣು ಕೈ, ಐದು ಕಪ್ಪು ಬೆರಳು.

“ಇದು ಯಾರದ್ದು?”

ಹೊನ್ನು ಸೆರಗಿನಿಂದ ಕೈ ಹೊರಗೆ ತೆಗೆದಳು.

“ಯಾರಿಗೂ ತೋರಿಸ್ತಿರ್ಲಿಲ್ಲ. ಪುಸ್ತಕ ಮುಚ್ಚಿದ್ರೆ ನಿಮ್ ಕಲೆ, ನನ್ ಬೆರಳು ಎರಡೂ ಒಟ್ಟಿಗೆ ಇರ್ತದೆ.”

ಸುಕ್ರ ಪುಸ್ತಕವನ್ನು ಮೆಲ್ಲಗೆ ಮುಚ್ಚಿದ. ಅವಳ ಕೈ ಹಿಡಿದು, ಕಪ್ಪು ಬೆರಳುಗಳ ಮೇಲೆ ಒಮ್ಮೆ ಊದಿದ.

“ಉರಿತದಾ ಹೊನ್ನು?”

ಅವನು ‘ಹೊನ್ನುಬಾಯಿ’ ಎನ್ನದೆ ಬರೀ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

“ಈಗ ಇಲ್ಲ,” ಎಂದಳು ಅವಳು.